ಗಾಡಿ ಹೆಸರು ಹೇಳಿ ಕ್ಯಾಮ್ ಕೇಳಬೇಡ

ನೋಡಪ್ಪ, ಮೆಕ್ಯಾನಿಕ್ ನಿನ್ನ ಟೆಂಪೋ ಟ್ರಾವೆಲರ್‌ನ ಟಪ್ಪೆಟ್ ಕವರ್ ಬಿಚ್ಚಿ "ಕ್ಯಾಮ್ ಹೋಗಿದೆ, ಹೊಸದು ತಂದುಬಿಡಿ" ಅಂದನಂತೆ. ನೀನು ನಾಳೆ ಬೆಳಗ್ಗೆಯೇ ಜೆ.ಸಿ. ರೋಡಿಗೆ ಹೊರಡುತ್ತೀಯ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಅಯ್ಯಪ್ಪನ ಸೀಸನ್ ಎದುರಿಗಿದೆ, ಶಬರಿಮಲೆ ಟ್ರಿಪ್ಪಿಗೆ ಅಡ್ವಾನ್ಸ್ ಬೇರೆ ತೆಗೆದುಕೊಂಡಿದ್ದೀಯ. ಆತುರ ಅರ್ಥವಾಗುತ್ತೆ. ಆದರೂ ಒಂದು ದಿನ ತಡೆ. ಆ ರೋಡಿನ ಕೌಂಟರ್ ಹಿಂದೆ ನಿಂತು ಪಾರ್ಟ್ ಕೊಟ್ಟೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ತಪ್ಪು ಕ್ಯಾಮ್ ಒಯ್ದು, ಹಾಕಿ, ಬಿಚ್ಚಿ, ಜಗಳಕ್ಕೆ ಬಂದ ಗಿರಾಕಿಗಳನ್ನು ಬೇಕಾದಷ್ಟು ನೋಡಿದ್ದೇನೆ.

"ಟ್ರಾವೆಲರ್ ಕ್ಯಾಮ್ ಕೊಡಿ" ಅಂತ ಮಾತ್ರ ಕೇಳಬೇಡ. ಊರಿನ ಹೆಸರು ಹೇಳಿ ಚಪ್ಪಲಿ ಕೇಳಿದ ಹಾಗಾಗುತ್ತೆ. ಟೆಂಪೋ ಟ್ರಾವೆಲರ್ ನಮ್ಮ ರಸ್ತೆಗೆ ಇಳಿದದ್ದು 1987ರಲ್ಲಿ. ಆಗ ಕಂಪನಿಯ ಹೆಸರು ಬಜಾಜ್ ಟೆಂಪೋ, 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು. ಎಂಜಿನ್ ಬೇರು ಮರ್ಸಿಡಿಸ್‌ನವರ ಒಎಂ 616, ಲೈಸೆನ್ಸ್ ಪಡೆದು ಇಲ್ಲೇ ಮಾಡಿದ್ದು. ನಾಲ್ಕು ಸಿಲಿಂಡರ್, ಹೆಡ್ ಮೇಲೆ ಒಂದೇ ಕ್ಯಾಮ್, ಅದನ್ನು ತಿರುಗಿಸುವುದು ಚೈನ್. ಆಮೇಲೆ 2.4 ಲೀಟರ್ ಇದ್ದದ್ದು 2.6 ಆಯಿತು, ಟರ್ಬೊ ಬಂತು, ಕಾಮನ್ ರೈಲ್ ಬಂತು. 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಿಎಸ್ 4, 2020ರ ಏಪ್ರಿಲ್‌ನಲ್ಲಿ ಬಿಎಸ್ 6. ಮುಂದಿನ ಗಾಜಿನ ಕೆಳಗೆ ಬರೆದ ಹೆಸರು ಅದೇ ಇರುತ್ತೆ, ಬಾನೆಟ್ ಒಳಗಿನ ಕಥೆಯೇ ಬೇರೆ. ಅದೇ ಎಂಜಿನ್ ವಂಶ ಟ್ರ್ಯಾಕ್ಸ್‌ನಲ್ಲೂ ಇತ್ತು, ಗೂರ್ಖಾದಲ್ಲೂ ಇತ್ತು. ಹಾಗಾಗಿ "ಟ್ರ್ಯಾಕ್ಸ್‌ದೇ ಇದಕ್ಕೂ ಆಗುತ್ತೆ, ಹಾಕಿ ಸಾರ್" ಅನ್ನೋ ಮಾತು ಕೌಂಟರಿನಲ್ಲಿ ಬಲು ಸಲೀಸಾಗಿ ಬರುತ್ತೆ. ಆಗಲೂಬಹುದು. ನಂಬರ್ ನೋಡದೆ ಒಪ್ಪಿಕೊಳ್ಳಬೇಡ.

ಆರ್.ಸಿ.ಯಲ್ಲಿರುವ ಎಂಜಿನ್ ನಂಬರ್ ಒಂದನ್ನೇ ನಂಬಿಕೊಂಡೂ ಹೋಗಬೇಡ. ನೀನು ಆ ಗಾಡಿಗೆ ಎಷ್ಟನೆಯ ಓನರ್ರೋ ಏನೋ. ನಡುವೆ ಯಾರಾದರೂ ಗುಜರಿಯಿಂದ ಹಾಫ್ ಎಂಜಿನ್ ತಂದು ಕೂರಿಸಿರಬಹುದು, ಹೆಡ್ ಒಂದನ್ನೇ ಬದಲಿಸಿರಬಹುದು. ಬ್ಲಾಕಿನ ಮೇಲಿನ ಜಿಡ್ಡನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಅಲ್ಲಿ ಒತ್ತಿರುವ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೋ. ಆರ್.ಸಿ.ಗೂ ಅದಕ್ಕೂ ತಾಳೆ ಬರದಿದ್ದರೆ ಅದು ಕ್ಯಾಮ್‌ಗಿಂತ ದೊಡ್ಡ ತಲೆನೋವು, ಆರ್‌ಟಿಒ ವಿಷಯ ಇನ್ನೊಂದು ದಿನ ಕೂತು ಮಾತಾಡೋಣ.

ಆಮೇಲೆ ಹಳೇ ಕ್ಯಾಮ್. ಅದನ್ನು ಬಿಚ್ಚಿಸಿ, ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗು. ತುದಿಯಲ್ಲೋ ಲೋಬ್‌ಗಳ ನಡುವಿನ ದಿಂಡಿನ ಮೇಲೋ ನಂಬರ್ ಇರುತ್ತೆ. ಎರಕದಲ್ಲೇ ಉಬ್ಬಿ ಬಂದ ನಂಬರ್ ಒಂದು, ಆಮೇಲೆ ಒತ್ತಿದ ನಂಬರ್ ಇನ್ನೊಂದು. ಅನೇಕರು ಎಡವುವುದು ಇಲ್ಲೇ. ಒಂದೇ ಎರಕವನ್ನು ಬೇರೆ ಬೇರೆ ಎಂಜಿನ್ನಿಗೆ ಬೇರೆ ಬೇರೆ ಆಕಾರಕ್ಕೆ ಗ್ರೈಂಡ್ ಮಾಡಿರುತ್ತಾರೆ. ಹಾಗಾಗಿ ಎರಕದ ನಂಬರ್ ಹೊಂದಿದರೆ ಸಾಲದು, ಒತ್ತಿದ ಕೋಡ್ ಹೊಂದಬೇಕು.

ಹೊಸದನ್ನೂ ಹಳೆಯದನ್ನೂ ಕೌಂಟರ್ ಮೇಲೆ ಪಕ್ಕಪಕ್ಕದಲ್ಲಿ ಮಲಗಿಸು. ಎರಡರಲ್ಲೂ ಕೀ ಕೂರುವ ಸೀಳು ಮೇಲಕ್ಕೆ ಬರುವಂತೆ ತಿರುಗಿಸಿ, ತುದಿಯಿಂದ ನೋಡು. ಎಂಟು ಲೋಬ್‌ಗಳೂ ಜೋಡಿಜೋಡಿಯಾಗಿ ಒಂದೇ ದಿಕ್ಕಿಗೆ ಮೂಗು ಮಾಡಿರಬೇಕು. ಒಂದು ಆಚೀಚೆ ಇದ್ದರೂ ಬೇಡ. ಅಂಗಡಿಯಲ್ಲಿ ಮೈಕ್ರೋಮೀಟರ್ ಇದ್ದೇ ಇರುತ್ತೆ, ಕೇಳಿ ತೆಗೆದುಕೋ. ಹಳೆಯದರಲ್ಲಿ ಎಲ್ಲಕ್ಕಿಂತ ಕಡಿಮೆ ಸವೆದ ಲೋಬನ್ನು ಹುಡುಕಿ ಅದನ್ನೇ ಅಳೆ. ಮೂಗಿನಿಂದ ಹಿಮ್ಮಡಿಯವರೆಗಿನ ಅಳತೆಯಲ್ಲಿ ಕೆಳಗಿನ ದುಂಡು ಭಾಗದ ಅಡ್ಡಳತೆ ಕಳೆದರೆ ಲಿಫ್ಟ್ ಸಿಗುತ್ತೆ. ಇನ್‌ಟೇಕ್ ಒಂದು, ಎಕ್ಸಾಸ್ಟ್ ಒಂದು ಅಳೆದರೆ ಸಾಕು. ಜರ್ನಲ್‌ಗಳನ್ನೂ ಬಿಡಬೇಡ. ಈ ಎಂಜಿನ್ನಿನಲ್ಲಿ ಕ್ಯಾಮ್ ಕೂರುವುದು ಹೆಡ್ ಮೇಲೆ ಬೋಲ್ಟ್ ಹಾಕಿದ ಸ್ಟ್ಯಾಂಡ್‌ಗಳಲ್ಲಿ, ಅವಕ್ಕೆ ಸ್ಟ್ಯಾಂಡರ್ಡ್ ಸೈಜೂ ಉಂಟು, ರಿಪೇರಿ ಸೈಜೂ ಉಂಟು. ಹಿಂದೆ ಯಾರೋ ಸೈಜ್ ಬದಲಿಸಿದ್ದರೆ ಹೊಸ ಕ್ಯಾಮ್ ಒಂದೋ ಬಿಗಿಯಾಗುತ್ತೆ, ಇಲ್ಲವೇ ಲೊಡಲೊಡ ಅನ್ನುತ್ತೆ.

ಗಾಡಿ ಹೊಸ ಕಾಮನ್ ರೈಲ್ ಆಗಿದ್ದರೆ ಸೆನ್ಸರ್ ಓದುವ ಗುರುತೂ ಸರಿಯಾಗಿರಬೇಕಾಗಿತ್ತು. ನಿನ್ನದು ಹಳೇ ಒಂಟಿ ಕ್ಯಾಮಿನ ಗಾಡಿ, ಆ ಗೊಡವೆ ಇಲ್ಲ.

ಈಗ ಯಾವುದು ಕೊಳ್ಳೋದು? ಲೇತಿನವನು "ವೆಲ್ಡಿಂಗ್ ತುಂಬಿಸಿ ಗ್ರೈಂಡ್ ಮಾಡಿಕೊಡ್ತೀನಿ, ಕಾಲು ಭಾಗ ಖರ್ಚು" ಅಂದರೆ ನಮಸ್ಕಾರ ಹೇಳಿ ಬಾ. ಲೋಬ್ ಮೇಲಿನ ಗಟ್ಟಿ ಪದರ ಬಲು ತೆಳು. ಅದು ಒಮ್ಮೆ ಹೋದರೆ ಕೆಳಗಿರುವ ಮೆತ್ತನೆಯ ಲೋಹ ಎಷ್ಟು ದಿನ ತಡೆದೀತು? ವೆಲ್ಡಿಂಗ್ ಕಾವಿಗೆ ಉದ್ದನೆಯ ಶಾಫ್ಟ್ ಸೊಟ್ಟಗಾಗುವುದೂ ಉಂಟು. ಗುಜರಿಯ ಕ್ಯಾಮ್ ತರಲೇಬೇಕಾದರೆ ಅದರ ರಾಕರ್‌ಗಳ ಸಮೇತ ತಾ, ಯಾವ ರಾಕರ್ ಯಾವ ಲೋಬಿನದು ಅಂತ ಗುರುತು ಹಾಕಿಸಿಕೊಂಡು. ನನ್ನನ್ನು ಕೇಳಿದರೆ ಕಂಪನಿ ಪಾರ್ಟೇ ಸರಿ, ಇಲ್ಲವೇ ಹೆಸರಿರುವ ತಯಾರಕರದು. ಡಬ್ಬಿ, ಹೊಲೋಗ್ರಾಮ್ ನೋಡಿ ಮರುಳಾಗಬೇಡ, ಅವೆರಡನ್ನೂ ಪ್ರಿಂಟ್ ಹಾಕಿಸುವವರಿದ್ದಾರೆ. ಡಬ್ಬಿ ಬಿಚ್ಚಿ ಶಾಫ್ಟನ್ನೇ ನೋಡು. ಜರ್ನಲ್ ಮೇಲೆ ಉಗುರು ಎಳೆದರೆ ಎಲ್ಲೂ ತಡೆಯಬಾರದು, ಎಣ್ಣೆ ತೂತಿನ ಅಂಚಿನಲ್ಲಿ ಮುಳ್ಳು ಇರಬಾರದು. ಬಿಲ್ಲಿನ ಮೇಲೆ "ಕ್ಯಾಮ್ 1" ಅಂತ ಬರೆಸಿಕೊಂಡು ಬರಬೇಡ. ಪಾರ್ಟ್ ನಂಬರ್ ಬರೆಸು, ಫಿಟ್ ಆಗದಿದ್ದರೆ ವಾಪಸ್ ಅಂತಲೂ ಬರೆಸು.

ಇಷ್ಟೆಲ್ಲ ಮಾಡಿಯೂ ಹಳೆಯದು ಯಾಕೆ ಸವೆಯಿತು ಅಂತ ನೋಡದಿದ್ದರೆ ಹೊಸದನ್ನೂ ಅದೇ ದಾರಿಗೆ ಕಳಿಸಿದಂತೆ. ಕ್ಯಾಮ್ ಮೇಲೆ ಒಂದು ಸಣ್ಣ ಎಣ್ಣೆ ಪೈಪ್ ಹಾದು ಹೋಗುತ್ತೆ, ಅದರ ಸೂಜಿ ತೂತುಗಳಿಂದ ಲೋಬ್‌ಗಳ ಮೇಲೆ ಎಣ್ಣೆ ಬೀಳಬೇಕು. ಆಯಿಲ್ ಚೇಂಜನ್ನು ಮುಂದೂಡುತ್ತ ಬಂದ ಗಾಡಿಯಲ್ಲಿ ಮಸಿ ಕಟ್ಟಿ ಆ ತೂತುಗಳು ಮುಚ್ಚಿಕೊಳ್ಳುತ್ತವೆ. ಎಂಟರಲ್ಲಿ ಒಂದೋ ಎರಡೋ ಲೋಬ್ ಮಾತ್ರ ಚಪ್ಪಟೆಯಾಗಿದ್ದರೆ ನನ್ನ ಅನುಮಾನ ಮೊದಲು ಅಲ್ಲಿಗೇ. ಎಲ್ಲವೂ ಸಮನಾಗಿ ಸವೆದಿದ್ದರೆ ವಯಸ್ಸು ಅನ್ನು. ರಾಕರ್‌ಗಳ ಮುಖ ನೋಡು, ಗುಳಿ ಬಿದ್ದಿದ್ದರೆ ಅವೂ ಹೊಸದೇ ಬೇಕು. ಹಳೇ ರಾಕರ್ ಹೊಸ ಲೋಬನ್ನು ಕೆರೆದು ಹಾಕುತ್ತೆ. ದುಡ್ಡು ಉಳಿಸೋ ಜಾಗ ಇದಲ್ಲ ಕಣಪ್ಪ.

ಕೂರಿಸುವಾಗ ಹತ್ತಿರ ನಿಂತಿರು. ಚೈನ್ ಕೆಳಗೆ ಜಾರದಂತೆ ಕಟ್ಟಿರಬೇಕು. ಒಂದನೆಯ ಸಿಲಿಂಡರಿನ ಪಿಸ್ಟನ್ ತುತ್ತತುದಿಯಲ್ಲಿದ್ದಾಗ ಕ್ಯಾಮಿನ ವಾಷರ್ ಮೇಲಿನ ಗೀಟು ಮುಂದಿನ ಸ್ಟ್ಯಾಂಡಿನ ಗುರುತಿಗೆ ಎದುರಾಗಬೇಕು. ಸ್ವಲ್ಪ ಹಿಂದೆ ಬಿದ್ದರೆ ಚೈನ್ ಹಿಗ್ಗಿದೆ ಅಂತ ಅರ್ಥ. ಅದನ್ನು ಸರಿತೂಗಿಸಲು ಈ ವಂಶದ ಎಂಜಿನ್ನುಗಳಿಗೆ 4 ಡಿಗ್ರಿಯಿಂದ 10 ಡಿಗ್ರಿವರೆಗೆ ಆಫ್‌ಸೆಟ್ ಕೀ ಬರುತ್ತವೆ. ಕೆಲವು ಮೆಕ್ಯಾನಿಕ್‌ಗಳಿಗೆ ಅದು ಗೊತ್ತೇ ಇಲ್ಲ. ಆದರೆ ತೀರಾ ಹಿಗ್ಗಿದ ಚೈನಿಗೆ ಕೀ ಹಾಕಿ ಘಾಟಿ ಹತ್ತಿಸಬೇಡ, ಚೈನೇ ಬದಲಿಸು. ಹಲ್ಲು ಹಾರಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯಬಹುದು, ಆಮೇಲೆ ಖರ್ಚಿನ ಲೆಕ್ಕ ಹೆಡ್‌ವರೆಗೆ ಹೋಗುತ್ತೆ.

ಸ್ಟಾರ್ಟ್ ಮಾಡುವ ಮೊದಲು ಲೋಬ್‌ಗಳಿಗೆಲ್ಲ ಎಣ್ಣೆ ಹಚ್ಚಿಸಿ, ಎಂಜಿನ್ನನ್ನು ಅದರ ದಿಕ್ಕಿನಲ್ಲೇ ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿಸು. ಎಂಜಿನ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದೇ ಸುತ್ತು. ಆಮೇಲೆ ಡೀಸೆಲ್ ಬಂದ್ ಮಾಡಿ, ಕವರ್ ತೆಗೆದಿಟ್ಟು ಸೆಲ್ಫ್ ಹೊಡೆಸು, ಪೈಪಿನ ಪ್ರತಿ ತೂತಿನಿಂದಲೂ ಎಣ್ಣೆ ತೊಟ್ಟಿಕ್ಕುವುದನ್ನು ಕಣ್ಣಾರೆ ನೋಡಿದ ಮೇಲೆ ಕವರ್ ಮುಚ್ಚಲಿ. ಶಬರಿಮಲೆಗೆ ಹೊರಡುವ ಮೊದಲು ಲೋಕಲ್ ಬಾಡಿಗೆಯಲ್ಲಿ ಒಂದಷ್ಟು ಓಡಿಸಿ, ಎಂಜಿನ್ ತಣ್ಣಗಿದ್ದಾಗ ಟಪ್ಪೆಟ್ ಗ್ಯಾಪ್ ಇನ್ನೊಮ್ಮೆ ನೋಡಿಸು. ಅಲ್ಲಿಯತನಕ ಹಳೇ ಕ್ಯಾಮನ್ನು ಗುಜರಿಗೆ ಕೊಡಬೇಡ, ಬಿಲ್ ಜೊತೆ ಗಾಡಿಯ ಸೀಟಿನ ಕೆಳಗೇ ಇರಲಿ. ಅಂಗಡಿಯವನು ತಕರಾರು ತೆಗೆದರೆ ತೋರಿಸಲು ಬೇಕಾಗುತ್ತೆ.