ಬಿಸಿಲಿನ ಕಣಜ

ಹಿಂದಿನ ಕಾಲದಲ್ಲಿ ಬಯಲುಸೀಮೆಯ ರೈತನು ಸುಗ್ಗಿಯಲ್ಲಿ ಕೈಸೇರಿದ ರಾಗಿಯನ್ನೆಲ್ಲ ಒಮ್ಮೆಲೇ ಉಂಡು ಮುಗಿಸುತ್ತಿರಲಿಲ್ಲ. ನೆಲದಲ್ಲಿ ಹಗೇವನ್ನು ತೋಡಿ, ಅದರೊಳಗೆ ಧಾನ್ಯವನ್ನು ತುಂಬಿ, ಬಾಯನ್ನು ಭದ್ರವಾಗಿ ಮುಚ್ಚಿಡುತ್ತಿದ್ದನು. ಮಳೆ ಬಾರದ ವರ್ಷದಲ್ಲಿ ಆ ಹಗೇವೇ ಮನೆಮಂದಿಯ ಪ್ರಾಣವನ್ನು ಉಳಿಸುತ್ತಿತ್ತು. ಬೆಳೆಯುವುದು ಒಂದು ವಿದ್ಯೆಯಾದರೆ ಬೆಳೆದುದನ್ನು ಕಾಪಿಡುವುದು ಮತ್ತೊಂದು ವಿದ್ಯೆ ಎಂಬುದನ್ನು ಅವನು ಅನುಭವದಿಂದ ಅರಿತಿದ್ದನು.

ಸೂರ್ಯನ ಬೆಳಕಿಗೂ ಈ ಮಾತು ಒಪ್ಪುತ್ತದೆ. ಬಿಸಿಲು ಧಾರಾಳವಾಗಿ ಸುರಿಯುವುದು ನಡುಹಗಲಿನಲ್ಲಿ. ದೀಪ ಬೇಕಾಗುವುದು ಸೂರ್ಯ ಮುಳುಗಿದ ಮೇಲೆ. ಹಗಲಿನ ಸಂಪತ್ತನ್ನು ಇರುಳಿಗೆ ಮುಟ್ಟಿಸುವುದು ಹೇಗೆ? ಸೌರವಿದ್ಯುತ್ತಿನ ಮುಖ್ಯ ಸಮಸ್ಯೆ ಇದೇ.

ಬೆಳಕಿನಿಂದ ವಿದ್ಯುತ್ತು ಹುಟ್ಟಬಲ್ಲದೆಂಬುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲಿ ಕಂಡುಕೊಂಡನು. ಆದರೆ ಕೆಲಸಕ್ಕೆ ಒದಗುವ ಸಿಲಿಕಾನ್ ಸೌರಕೋಶ ಸಿದ್ಧವಾದುದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 6 ಪಾಲನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದು ಮಾಳಿಗೆಗಳ ಮೇಲೆ ಕಾಣುವ ಫಲಕಗಳು ನೂರಕ್ಕೆ ಸುಮಾರು 20 ಪಾಲನ್ನು ಮಾರ್ಪಡಿಸುತ್ತವೆ.

ಫಲಕದಲ್ಲಿ ಹುಟ್ಟುವುದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್ತು. ಮನೆಯ ಫ್ಯಾನು, ಮಿಕ್ಸಿ, ನೀರೆತ್ತುವ ಪಂಪುಗಳಿಗೆ ಸಾಮಾನ್ಯವಾಗಿ ಬೇಕಾದುದು 230 ವೋಲ್ಟಿನ, ಸೆಕೆಂಡಿಗೆ 50 ಬಾರಿ ಆವರ್ತಿಸುವ ಪರ್ಯಾಯ ವಿದ್ಯುತ್ತು. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವ ಯಂತ್ರವೇ ಇನ್ವರ್ಟರ್. ಅದರೊಳಗಿನ ಸೂಕ್ಷ್ಮ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚಿ, ನೇರ ಪ್ರವಾಹಕ್ಕೆ ಅಲೆಯ ರೂಪವನ್ನು ಕೊಡುತ್ತವೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮಾಳಿಗೆಯ ಮೇಲೆ ಫಲಕಗಳಿದ್ದರೂ, ಊರಿನಲ್ಲಿ ವಿದ್ಯುತ್ತು ಹೋದೊಡನೆ ಕೆಲವು ಮನೆಗಳಲ್ಲಿ ನಡುಹಗಲಿನಲ್ಲಿಯೇ ಫ್ಯಾನು ನಿಂತುಬಿಡುತ್ತದೆ. ಇದು ಯಂತ್ರದ ದೋಷವಲ್ಲ. ಈ ಬಗೆಯ ಮನೆಗಳ ಇನ್ವರ್ಟರ್ ಊರಿನ ವಿದ್ಯುತ್ ಜಾಲಕ್ಕೆ ಸೇರಿಕೊಂಡಿರುತ್ತದೆ. ಮನೆಯಲ್ಲಿ ಮಿಕ್ಕ ವಿದ್ಯುತ್ತು ತಂತಿಯ ಮೂಲಕ ಹೊರಗೆ ಹರಿಯುತ್ತದೆ. ತಂತಿಯನ್ನು ದುರಸ್ತಿ ಮಾಡಲು ಕಂಬವನ್ನೇರಿದ ಲೈನ್‌ಮನ್, ವಿದ್ಯುತ್ತು ನಿಂತಿದೆಯೆಂದು ನಂಬಿ ಕೈಯಿಟ್ಟಾಗ, ಯಾವುದೋ ಮನೆಯ ಫಲಕದಿಂದ ಹರಿದುಬಂದ ವಿದ್ಯುತ್ತು ಅವನ ಪ್ರಾಣವನ್ನೇ ತೆಗೆಯಬಹುದು. ಆದುದರಿಂದ ಜಾಲದಲ್ಲಿ ವಿದ್ಯುತ್ತು ನಿಂತೊಡನೆ ಇನ್ವರ್ಟರ್ ತಾನೂ ನಿಲ್ಲುವಂತೆ ಅದನ್ನು ರಚಿಸಿದ್ದಾರೆ. ಒಂದು ಮನೆಯ ಅನುಕೂಲಕ್ಕಿಂತ ಕಂಬದ ಮೇಲಿನ ಜೀವ ದೊಡ್ಡದು. ಅಂತಹ ಹೊತ್ತಿನಲ್ಲಿಯೂ ಬೆಳಕು ಬೇಕೆಂದರೆ, ಮನೆಯನ್ನು ಹೊರಗಿನ ತಂತಿಯಿಂದ ಬೇರ್ಪಡಿಸಿಕೊಂಡು ನಡೆಸಬಲ್ಲ ಇನ್ವರ್ಟರೂ, ಬಿಸಿಲಿನ ಕಣಜವಾದ ಬ್ಯಾಟರಿಯೂ ಬೇಕು.

ಮತ್ತೆ ಮತ್ತೆ ತುಂಬಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರಚಿಸಿದನು. ಗಂಧಕಾಮ್ಲದಲ್ಲಿ ಮುಳುಗಿದ ಸೀಸದ ಫಲಕಗಳು ಅದರ ಜೀವಾಳ. ಅದನ್ನು ಪೂರ್ತಿ ಬರಿದುಮಾಡುತ್ತ ಹೋದರೆ ಆಯುಸ್ಸು ಬೇಗ ಕುಗ್ಗುತ್ತದೆ. ಅರ್ಧವನ್ನು ಬಳಸಿ ಅರ್ಧವನ್ನು ಉಳಿಸುವುದು ವಿವೇಕ. ಎಷ್ಟೇ ಹಸಿವಾದರೂ ರೈತನು ಬೀಜದ ಕಾಳಿಗೆ ಕೈಹಾಕುವುದಿಲ್ಲ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿ ಹಗುರವಾದುದು, ಅದಕ್ಕೆ ನೀರೆರೆಯಬೇಕಾಗಿಲ್ಲ, ಅದರಲ್ಲಿರುವ ಶಕ್ತಿಯ ಬಹುಭಾಗವನ್ನು ಬಳಸಬಹುದು. ಆದರೆ ಮೊದಲು ತೆರಬೇಕಾದ ಬೆಲೆ ಹೆಚ್ಚು. ಇದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕಣಜ ಎಷ್ಟು ದೊಡ್ಡದಿರಬೇಕು? ಮನೆಯಲ್ಲಿಯೇ ಅಂಗಡಿಯನ್ನಿಟ್ಟುಕೊಂಡ ಒಬ್ಬ ದರ್ಜಿಯ ಲೆಕ್ಕವನ್ನು ನೋಡಬಹುದು. 9 ವಾಟಿನ ನಾಲ್ಕು ದೀಪಗಳು 5 ಗಂಟೆ ಉರಿದರೆ 180 ವಾಟ್‌ಗಂಟೆ. 30 ವಾಟಿನ ಒಂದು ಫ್ಯಾನು 8 ಗಂಟೆ ತಿರುಗಿದರೆ 240. ಹೊಲಿಗೆ ಯಂತ್ರದ 100 ವಾಟಿನ ಮೋಟಾರು 2 ಗಂಟೆ ನಡೆದರೆ 200. ಒಟ್ಟು 620. ಪರಿವರ್ತನೆಯಲ್ಲಿ ಸೋರುವುದನ್ನೂ ಸೇರಿಸಿದರೆ ಸುಮಾರು 750. 12 ವೋಲ್ಟು, 150 ಆಂಪಿಯರ್‌ಗಂಟೆಯ ಸೀಸದ ಬ್ಯಾಟರಿಯಲ್ಲಿ 1,800 ವಾಟ್‌ಗಂಟೆಗಳಿದ್ದರೂ ಬಳಕೆಗೆ ಸಿಗುವುದು ಅರ್ಧ, ಎಂದರೆ 900. ದರ್ಜಿಯ ಇರುಳಿಗೆ ಅಷ್ಟು ಸಾಕು. ಆದರೆ ಅವನು 1,000 ವಾಟಿನ ಇಸ್ತ್ರಿಪೆಟ್ಟಿಗೆಯನ್ನು ಇದಕ್ಕೇ ಜೋಡಿಸಿದರೆ ಆ 900 ಮುಕ್ಕಾಲು ಗಂಟೆಯೊಳಗೆ ಕರಗಿಹೋಗುತ್ತದೆ. ಮಿಕ್ಕ ರಾತ್ರಿಯೆಲ್ಲ ಕತ್ತಲೆ. ಶಾಖವನ್ನು ಉಂಟುಮಾಡುವ ಉಪಕರಣಗಳು ಕಣಜಕ್ಕೆ ಬಿದ್ದ ಹೆಗ್ಗಣಗಳಿದ್ದಂತೆ. ಹಗಲಿನಲ್ಲಿ ಆಗುವ ಕೆಲಸವನ್ನು ಇರುಳಿಗೆ ಉಳಿಸದವನೇ ಬಿಸಿಲಿನ ಬೆಲೆಯನ್ನು ಬಲ್ಲವನು.

ಇಂತಹ ಅನುಕೂಲ ಸಿರಿವಂತರಿಗೆ ಮಾತ್ರವೆಂಬ ಭಾವನೆ ಹಿಂದೆ ಬಲವಾಗಿತ್ತು. 1995ರಲ್ಲಿ ಸೆಲ್ಕೊ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆಯವರು ಕರ್ನಾಟಕದ ಹಳ್ಳಿಗಳಲ್ಲಿ ಇದನ್ನು ಸುಳ್ಳುಮಾಡಿ ತೋರಿಸಿದರು. ತಿಂಗಳಿಗೆ 300 ರೂಪಾಯಿಗಳನ್ನು ಒಟ್ಟಿಗೆ ತೆರಲಾರದ ಬೀದಿ ವ್ಯಾಪಾರಿ ದಿನಕ್ಕೆ 10 ರೂಪಾಯಿಗಳನ್ನು ತೆರಬಲ್ಲನು. ಮೊತ್ತ ಒಂದೇ, ಬಡವನ ಸಂಪಾದನೆಯ ನಡೆಯನ್ನು ಅರಿತು ಕಂತನ್ನು ಗೊತ್ತುಮಾಡುವುದರಲ್ಲಿ ವ್ಯತ್ಯಾಸವಿದೆ. ಬ್ಯಾಂಕುಗಳ ಸಾಲದ ನೆರವಿನಿಂದ ದೀಪಗಳು ಗುಡಿಸಲುಗಳನ್ನು ಸೇರಿದವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಕಣಜಕ್ಕೂ ಕಾವಲು ಬೇಕು. ಸೀಸದ ಬ್ಯಾಟರಿಗೆ ಕಾಲಕಾಲಕ್ಕೆ ಬಟ್ಟಿಯಿಳಿಸಿದ ನೀರನ್ನು ಹಾಕಬೇಕು. ಗಾಳಿಯಾಡುವೆಡೆಯಲ್ಲಿ, ಬೆಂಕಿಗೆ ದೂರವಾಗಿ ಇಡಬೇಕು. ಹಳೆಯದಾದಾಗ ಅದನ್ನು ಹಿತ್ತಿಲಿನಲ್ಲಿ ಒಡೆದು ಸೀಸವನ್ನು ಕರಗಿಸುವುದು ಘೋರವಾದ ತಪ್ಪು. ಸೀಸದ ವಿಷ ಮಣ್ಣನ್ನೂ ಗಾಳಿಯನ್ನೂ ಸೇರಿ ಮಕ್ಕಳ ಬುದ್ಧಿಶಕ್ತಿಯನ್ನು ಕುಗ್ಗಿಸುತ್ತದೆ. ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರಿಗೆ ವಹಿಸಿವೆ. ಅವುಗಳನ್ನು ಮಾರಿದವರಿಗೆ ಮರಳಿಸುವುದು ಬಳಸಿದವರ ಕರ್ತವ್ಯ.

ಬಿಸಿಲಿಗೆ ಬೆಲೆಯಿಲ್ಲ, ನಿಜ. ಆದರೆ ಅದನ್ನು ಕೂಡಿಡುವುದಕ್ಕೆ ಹಣವೂ ಲೆಕ್ಕವೂ ಎಚ್ಚರವೂ ಬೇಕು. ಹಗೇವಿನ ರಾಗಿಯನ್ನು ಅಳೆದು ತೆಗೆಯುತ್ತಿದ್ದ ಗೃಹಿಣಿಯ ಹಿತಮಿತವೇ ಇಂದಿನ ಮನೆಯ ದೀಪವನ್ನೂ ಬೆಳಗಾಗುವವರೆಗೆ ಕಾಯಬಲ್ಲದು.

ಅಭ್ಯಾಸ

1. ಬ್ಯಾಟರಿಯನ್ನು ಕಣಜಕ್ಕೆ ಹೋಲಿಸಿರುವುದರ ಔಚಿತ್ಯವೇನು?
2. ಜಾಲಕ್ಕೆ ಸೇರಿದ ಇನ್ವರ್ಟರ್ ವಿದ್ಯುತ್ತು ಹೋದೊಡನೆ ನಿಲ್ಲುವುದೇಕೆ?
3. ‘ಮೊತ್ತ ಒಂದೇ’ — ಈ ಮಾತಿನ ಸಂದರ್ಭವನ್ನು ವಿವರಿಸಿರಿ.
4. ನಿಮ್ಮ ಮನೆಯ ಒಂದು ರಾತ್ರಿಯ ವಿದ್ಯುತ್ ಬಳಕೆಯನ್ನು ದರ್ಜಿಯ ಲೆಕ್ಕದಂತೆ ಬರೆಯಿರಿ.