ಲಿಂಗತ್ವ ಅಲ್ಪಸಂಖ್ಯಾತರು: ಕಾನೂನಿನ ರಕ್ಷಣೆ, ಸಮುದಾಯದ ಹೋರಾಟ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಲಿಂಗತ್ವ ಅಲ್ಪಸಂಖ್ಯಾತರು ಗುರುತಿನ ಪ್ರಮಾಣಪತ್ರಕ್ಕೆ ಯಾರಿಗೆ ಅರ್ಜಿ ಸಲ್ಲಿಸಬೇಕು? ಚಿಕ್ಕಮಗಳೂರಿನ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ. ಈ ಹೊಣೆ ವಹಿಸಿದ್ದು 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಅದು 2020ರ ಜನವರಿ 10ರಂದು ಜಾರಿಗೆ ಬಂತು.

ದೌರ್ಜನ್ಯ ತಡೆಗೆ ಇದರ 18ನೇ ಸೆಕ್ಷನ್ ಮುಖ್ಯ. ಹೊಡೆತ, ಲೈಂಗಿಕ ಕಿರುಕುಳ, ನಿಂದನೆಯಷ್ಟೇ ಅಲ್ಲ, ಮನೆಯಿಂದ ಅಥವಾ ಊರಿನಿಂದ ಹೊರಹಾಕುವುದೂ ಅಪರಾಧ. ಮೂಲ ಕಾಯ್ದೆ ವಿಧಿಸಿದ ಶಿಕ್ಷೆ 6 ತಿಂಗಳಿಂದ 2 ವರ್ಷ ಜೈಲು ಮತ್ತು ದಂಡ. ಅತ್ಯಾಚಾರದಂಥ ಘೋರ ಕೃತ್ಯಕ್ಕೂ 2 ವರ್ಷವೇ ಗರಿಷ್ಠವಾದದ್ದು ನ್ಯಾಯವಲ್ಲ ಎಂಬ ಸಮುದಾಯದ ಆಕ್ಷೇಪ ಸಕಾರಣವಾದದ್ದು.

ಈ ಕಾಯ್ದೆಗೆ ತಳಪಾಯ 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪು (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ, ಅಂದರೆ ನಾಲ್ಸಾ ಪ್ರಕರಣ).

ಕರ್ನಾಟಕದ ಹೆಜ್ಜೆಗಳಲ್ಲಿ ಸಂಘಟನೆಗಳ ಪಾಲು ದೊಡ್ಡದು. 2020ರಲ್ಲಿ ಮೀಸಲು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು, ಮಹಿಳೆಯರಿಂದಷ್ಟೇ ಅರ್ಜಿ ಕರೆದಾಗ ಬೆಂಗಳೂರಿನ ‘ಸಂಗಮ’ ಸಂಘಟನೆ ಹೈಕೋರ್ಟ್ ಮೆಟ್ಟಿಲೇರಿತು. ಫಲವಾಗಿ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಸಮತಲ ಮೀಸಲಾತಿ ಬಂತು. ಹೀಗೆ ಮಾಡಿದ ಮೊದಲ ರಾಜ್ಯ ಕರ್ನಾಟಕ.

ನೆನಪಿಡಿ:
• ರಾಜ್ಯ ನೀತಿ: 2017
• ಮಾಸಾಶನ ಯೋಜನೆ: ಮೈತ್ರಿ
• ತುರ್ತು ನೆರವು: 112, ಉಚಿತ ಕಾನೂನು ನೆರವು: 15100
• ಮಂಜಮ್ಮ ಜೋಗತಿ: ಪದ್ಮಶ್ರೀ, 2021, ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷೆಯಾದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ