ಮಾತನಾಡುವ ಆಟಿಕೆಯೂ ಮನೆಯ ಮಾತೂ



ಎಳೆಯ ಮಕ್ಕಳಿಗೆ ಅಕ್ಷರ, ಅಂಕಿ, ಶಬ್ದಗಳನ್ನು ಕಲಿಸುವ ಎಲೆಕ್ಟ್ರಾನಿಕ್ ಆಟಿಕೆಗಳು ಈಗ ದೊಡ್ಡ ಅಂಗಡಿಗಳಿಂದ ಹಿಡಿದು ಸ್ಟೇಶನ್ನಿನ ಹೊರಗಿನ ಫುಟ್‌ಪಾತಿನವರೆಗೆ ಎಲ್ಲೆಡೆಯೂ ಸಿಗುತ್ತವೆ. ಕೈಯಲ್ಲಿ ಹಿಡಿಯುವಷ್ಟೇ ದೊಡ್ಡವು. ಗುಂಡಿ ಒತ್ತಿದರೆ ಹಾಡುತ್ತವೆ, ಪ್ರಶ್ನೆ ಕೇಳುತ್ತವೆ, ಉತ್ತರ ಸರಿಯಾದರೆ ಶಾಭಾಸ್ ಎನ್ನುತ್ತವೆ. ಬೋನಸ್ಸು ಕೈಗೆ ಬಂದ ವಾರದಲ್ಲಿ ನಮ್ಮ ವಾಚನಾಲಯದ ಸದಸ್ಯರಲ್ಲಿ ಇಬ್ಬರು ಮೂವರಾದರೂ "ಇದನ್ನು ಕೊಂಡರೆ ಹುಡುಗನಿಗೆ ವಿದ್ಯೆ ಹತ್ತೀತೇ?" ಎಂದು ಕೇಳದೆ ಇರುವುದಿಲ್ಲ. ಖೋಲಿಯ ಬಾಡಿಗೆ ಕೊಟ್ಟು, ಊರಿಗೆ ಕಳಿಸುವುದನ್ನು ಕಳಿಸಿ ಉಳಿದ ಹಣದಲ್ಲಿ ಕೊಳ್ಳುವ ಪದಾರ್ಥವಾದ್ದರಿಂದ ಈ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ನಾವು ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರೇ ಹೊರತು ಯಂತ್ರಶಾಸ್ತ್ರದ ಪಂಡಿತರಲ್ಲ. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಪಾಠರೂಪವಾಗಿ ಬರೆದಿದ್ದೇವೆ.

ಈ ಜಾತಿಯ ಆಟಿಕೆಗಳ ಹಿರಿಯಣ್ಣನೆಂದರೆ, ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯವರು 1976ರಲ್ಲಿ ಹೊರತಂದ 'ಲಿಟಲ್ ಪ್ರೊಫೆಸರ್'. ಹೆಸರಿಗೆ ತಕ್ಕಂತೆ ಅದರ ಮೇಲೆ ಕನ್ನಡಕ ಹಾಕಿದ ಮೀಸೆಯ ಮೇಷ್ಟರ ಮುಖವಿತ್ತು. ಒಳಗಿದ್ದದ್ದು ಹೆಚ್ಚುಕಡಿಮೆ ಕ್ಯಾಲ್ಕ್ಯುಲೇಟರೇ. ಆದರೆ ಕೆಲಸ ತಿರುವುಮುರುವು. ಕಚೇರಿಯ ಕ್ಯಾಲ್ಕ್ಯುಲೇಟರಿಗೆ ನಾವು ಲೆಕ್ಕ ಹಾಕುತ್ತೇವೆ, ಅದು ಉತ್ತರ ಕೊಡುತ್ತದೆ. ಇಲ್ಲಿಯಾದರೋ ಯಂತ್ರವೇ ಲೆಕ್ಕ ಹಾಕುತ್ತದೆ, ಮಗು ಉತ್ತರ ಕೊಡಬೇಕು. ತಪ್ಪಿದರೆ ಮೂರು 'ಇ' ಅಕ್ಷರಗಳು ಮೂಡುತ್ತವೆ. ಮೂರು ಸಲ ತಪ್ಪಿದರೆ ಯಂತ್ರವೇ ಸರಿಯುತ್ತರವನ್ನು ತೋರಿಸಿ ಮುಂದಿನ ಲೆಕ್ಕಕ್ಕೆ ಹೋಗುತ್ತದೆ.

ಈ ಸಣ್ಣ ತಿರುವಿನಲ್ಲಿ ಒಂದು ದೊಡ್ಡ ಗುಣವಿದೆ. ಯಂತ್ರ ಗದರುವುದಿಲ್ಲ, ಬೆತ್ತ ಎತ್ತುವುದಿಲ್ಲ, ಬೇಸರಪಡುವುದಿಲ್ಲ. ತಪ್ಪಿದಾಗ ನಗುವುದಕ್ಕೆ ಪಕ್ಕದ ಬೆಂಚಿನವರಿರುವುದಿಲ್ಲ. ಮನೆಯಲ್ಲಿ ಒಂದು ಭಾಷೆ, ಓಣಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಎಂಬ ಪರಿಸ್ಥಿತಿಯಲ್ಲಿರುವ ನಮ್ಮ ಮಕ್ಕಳಿಗೆ ಈ ಗುಣದ ಬೆಲೆ ಹೆಚ್ಚು. ಬಾಯಿ ತೆರೆದರೆ ತಪ್ಪಾದೀತೆಂದು ತರಗತಿಯಲ್ಲಿ ಸುಮ್ಮನೆ ಕೂತಿರುವ ಮಗುವನ್ನು ನಮ್ಮ ವಾಚಕರಲ್ಲಿ ನೋಡದವರಾರು?

ಇನ್ನು ಮಾತನಾಡುವ ಆಟಿಕೆಯ ವಿಚಾರ. ಅದೇ ಕಂಪನಿಯ ಪಾಲ್ ಬ್ರೀಡ್‌ಲವ್ ಎಂಬ ಎಂಜಿನಿಯರರಿಗೆ, ಯಂತ್ರವೇ ಒಂದು ಶಬ್ದವನ್ನು ಉಚ್ಚರಿಸಿ ಮಗುವಿನಿಂದ ಅದರ ಸ್ಪೆಲಿಂಗ್ ಕೇಳಿದರೆ ಹೇಗೆ ಎಂದು ಹೊಳೆಯಿತು. 1976ರಲ್ಲಿ 25,000 ಡಾಲರುಗಳ ಮಂಜೂರಿಯಿಂದ ಪ್ರಯತ್ನ ಆರಂಭವಾಯಿತು. ಜೀನ್ ಫ್ರಾಂಟ್ಜ್, ರಿಚರ್ಡ್ ವಿಗಿನ್ಸ್, ಲ್ಯಾರಿ ಬ್ರಾಂಟಿಂಗ್‌ಹ್ಯಾಮ್ ಎಂಬ ಮೂವರು ಜೊತೆಗೂಡಿದರು. 1978ರ ಜೂನ್ ತಿಂಗಳಿನಲ್ಲಿ 'ಸ್ಪೀಕ್ ಅಂಡ್ ಸ್ಪೆಲ್' ಹೊರಬಿತ್ತು. ಮೇಲೆ ಹಿಡಿಕೆಯುಳ್ಳ ಕೆಂಪು ಪ್ಲಾಸ್ಟಿಕ್ಕಿನ ಪೆಟ್ಟಿಗೆ. ಟೈಪ್‌ರೈಟರಿನ ಕ್ರಮದಲ್ಲಲ್ಲದೆ, ಮಗುವಿಗೆ ಅನುಕೂಲವಾಗುವಂತೆ ವರ್ಣಮಾಲೆಯ ಕ್ರಮದಲ್ಲೇ ಜೋಡಿಸಿದ ಅಕ್ಷರದ ಗುಂಡಿಗಳು. ಅದು ಒಂದೊಂದಾಗಿ ಹತ್ತು ಶಬ್ದ ಹೇಳುತ್ತಿತ್ತು. ತಪ್ಪಾದರೆ ಇನ್ನೊಮ್ಮೆ ಪ್ರಯತ್ನಿಸೆನ್ನುತ್ತಿತ್ತು. ಎರಡನೆಯ ಸಲವೂ ತಪ್ಪಿದರೆ ತಾನೇ ಅಕ್ಷರ ಬಿಡಿಸಿ ಹೇಳಿ, ಹತ್ತು ಮುಗಿದ ಮೇಲೆ ಎಷ್ಟು ಸರಿ ಎಷ್ಟು ತಪ್ಪು ಎಂದು ಲೆಕ್ಕ ಒಪ್ಪಿಸುತ್ತಿತ್ತು. 1982ರ 'ಇ.ಟಿ.' ಚಲನಚಿತ್ರದಲ್ಲಿ ಬೇರೆ ಲೋಕದ ಪ್ರಾಣಿ ತನ್ನವರಿಗೆ ಸುದ್ದಿ ಕಳಿಸಲು ಬಳಸಿಕೊಂಡದ್ದು ಇದೇ ಆಟಿಕೆಯನ್ನು.

ಅದಕ್ಕೆ ಮುಂಚೆಯೂ ಮಾತನಾಡುವ ಗೊಂಬೆಗಳಿದ್ದವು. ಅವುಗಳ ಹೊಟ್ಟೆಯಲ್ಲಿ ಸಣ್ಣ ಗ್ರಾಮಫೋನ್ ತಟ್ಟೆ ಇರುತ್ತಿತ್ತು. ದಾರ ಎಳೆದರೆ ತಿರುಗಿ ನುಡಿಯುತ್ತಿತ್ತು. ಸ್ಪೀಕ್ ಅಂಡ್ ಸ್ಪೆಲ್ಲಿನಲ್ಲಿ ತಟ್ಟೆಯೂ ಇಲ್ಲ, ಟೇಪೂ ಇಲ್ಲ. ಒಂದೇ ಚಿಪ್ಪು ಧ್ವನಿಯನ್ನು ಆಗಿಂದಾಗ್ಗೆ ಕಟ್ಟುತ್ತಿತ್ತು. ಇದನ್ನು ಸ್ವಲ್ಪ ಬಿಡಿಸಿ ನೋಡೋಣ; ಲೆಕ್ಕದವರಿಗೆ ಇದರಲ್ಲಿ ಸ್ವಾರಸ್ಯವಿದೆ.

ಟೆಲಿಫೋನಿನ ಮಟ್ಟದ ಧ್ವನಿಯನ್ನು ಅಂಕಿಗಳಾಗಿ ಕೂಡಿಡಬೇಕಾದರೆ ಸೆಕೆಂಡಿಗೆ 8,000 ಸಲ ಅಳೆಯಬೇಕು. ಪ್ರತಿಯೊಂದು ಅಳತೆಗೆ 8 ಬಿಟ್, ಅಂದರೆ ಸೆಕೆಂಡಿಗೆ 64,000 ಬಿಟ್. ಆ ಆಟಿಕೆಯ ಎರಡು ಸ್ಮೃತಿ ಚಿಪ್ಪುಗಳಲ್ಲಿ ಹಿಡಿಯುವುದು ಒಟ್ಟು 2,62,144 ಬಿಟ್. ಭಾಗಿಸಿ ನೋಡಿದರೆ ಬರುವುದು ಬರೀ ನಾಲ್ಕು ಸೆಕೆಂಡಿನ ಮಾತು. ನಾಲ್ಕು ಸೆಕೆಂಡಿನಲ್ಲಿ ಯಾವ ಪಾಠ ಹೇಳಲಾದೀತು?

ಉಪಾಯ ಹೀಗಿದೆ. ಧ್ವನಿಯನ್ನು ಕೂಡಿಡುವ ಬದಲು, ಧ್ವನಿ ಹುಟ್ಟಿಸಿದ ಬಾಯಿಯ ಆಕಾರವನ್ನು ಕೂಡಿಡುವುದು. ವಾಚಕರು ಗಂಟಲಿನ ಮೇಲೆ ಎರಡು ಬೆರಳಿಟ್ಟುಕೊಂಡು 'ಆ' ಎಂದು ಎಳೆಯಲಿ; ಬೆರಳಿಗೆ ನಡುಕ ತಿಳಿಯುತ್ತದೆ. ಆಮೇಲೆ ಹಾವಿನಂತೆ 'ಸ್' ಎಂದು ಎಳೆಯಲಿ. ನಡುಕವಿಲ್ಲ, ಬರೀ ಗಾಳಿಯ ಸಪ್ಪಳ. ಮಾತಿಗೆ ಬೇಕಾದ ಕಚ್ಚಾ ಸರಕು ಈ ಎರಡೇ: ಒಂದು ನಡುಕದ ನಾದ, ಇನ್ನೊಂದು ಗಾಳಿಯ ಸಪ್ಪಳ. ನಮ್ಮ ವೈಯಾಕರಣರು ಘೋಷ, ಅಘೋಷ ಎಂದದ್ದು ಈ ಭೇದವನ್ನೇ. ಈ ಸರಕನ್ನು ಅ, ಇ, ಉ ಎಂದು ಬೇರೆ ಬೇರೆ ಮಾಡುವುದು ನಾಲಿಗೆ, ತುಟಿ, ದವಡೆಗಳ ನಿಲವು. ಆ ನಿಲವು ಎಷ್ಟು ಬೇಗ ಬದಲಾದೀತು? ಸೆಕೆಂಡಿಗೆ 40 ಸಲ ಗುರುತು ಹಾಕಿಕೊಂಡರೆ ಧಾರಾಳವಾಯಿತು. ಪ್ರತಿ ಸಲಕ್ಕೂ ಬಾಯಿಯ ಆಕಾರಕ್ಕೆ ಹತ್ತು ಅಂಕಿ, ಸ್ವರದ ಏರಿಳಿತಕ್ಕೊಂದು, ಬಲಕ್ಕೊಂದು. ಹೀಗೆ ಬರೆದಿಟ್ಟರೆ ಸೆಕೆಂಡಿನ ಮಾತು ಸುಮಾರು 1,200 ಬಿಟ್‌ಗೆ ಇಳಿಯುತ್ತದೆ. ಅಷ್ಟೇ ಚಿಪ್ಪುಗಳಲ್ಲಿ ಈಗ ಮೂರೂವರೆ ನಿಮಿಷದ ಮಾತು ಹಿಡಿಯಿತು. ಧ್ವನಿ ತುಸು ಮೂಗಿನದು, ಯಂತ್ರದ್ದು. ಆದರೆ ಮಗುವಿಗೆ ಶಬ್ದ ತಿಳಿಯುತ್ತದೆ.

ಕ ವರ್ಗ ಗಂಟಲಲ್ಲಿ, ಚ ವರ್ಗ ಅಂಗಳಲ್ಲಿ, ಟ ವರ್ಗ ನಾಲಿಗೆ ಮೇಲಕ್ಕೆ ಮಡಚಿದಲ್ಲಿ, ತ ವರ್ಗ ಹಲ್ಲಿನಲ್ಲಿ, ಪ ವರ್ಗ ತುಟಿಯಲ್ಲಿ. ನಾವು ಮರಳಿನ ಮೇಲೆ ತಿದ್ದಿದ ವರ್ಣಮಾಲೆಯೂ ಬಾಯಿಯ ನಕ್ಷೆಯೇ ಆಗಿದೆಯೆಂಬುದನ್ನು ಓದುಗರು ಗಮನಿಸಬೇಕು.

ಹಿಂದಿನ ಅಳತೆಗಳಿಂದ ಮುಂದಿನದನ್ನು ಊಹಿಸುವ ಈ ಲೆಕ್ಕದ ವಿಧಾನವನ್ನು 1960ರ ದಶಕದ ಕೊನೆಯಲ್ಲಿ ಜಪಾನಿನ ಸಂಶೋಧಕರೂ ಅಮೆರಿಕದ ಬೆಲ್ ಪ್ರಯೋಗಶಾಲೆಯವರೂ ಬೇರೆ ಬೇರೆಯಾಗಿ ಬೆಳೆಸಿದರು. ಬೆಲ್ ಪ್ರಯೋಗಶಾಲೆಯಲ್ಲಿ ಇದರ ಮುಖ್ಯ ಕರ್ತೃ ಬಿಷ್ಣು ಅಟಲ್ ಎಂಬುವರು. ಹುಟ್ಟಿದ್ದು ಕಾನ್ಪುರದಲ್ಲಿ, ಆದರೆ ಎಂಜಿನಿಯರಿಂಗ್ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1957ರಿಂದ 1960ರ ತನಕ ಅಲ್ಲಿಯೇ ಧ್ವನಿಶಾಸ್ತ್ರದ ಅಧ್ಯಾಪಕರಾಗಿದ್ದರು. ಆಟಿಕೆ ಮಾಡಿದ ಕಂಪನಿಯೂ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ಸಂಶೋಧನ ಕೇಂದ್ರ ತೆರೆಯಿತು. ಅದರ ಉಪಗ್ರಹ ಸಂಪರ್ಕದ ಉಪಕರಣ ಎತ್ತಿನ ಗಾಡಿಯ ಮೇಲೆ ಬಂದಿತ್ತು.

ಆಮೇಲಿನ ಆಟಿಕೆಗಳ ಕಥೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇವೆ. ಕ್ಯಾಲಿಫೋರ್ನಿಯದ ಲೀಪ್‌ಫ್ರಾಗ್ ಕಂಪನಿ 1999ರಲ್ಲಿ 'ಲೀಪ್‌ಪ್ಯಾಡ್' ತಂದಿತು. ಹಲಗೆಯ ಮೇಲೆ ಪುಸ್ತಕವಿಟ್ಟು ಕಡ್ಡಿಯಿಂದ ಶಬ್ದವನ್ನು ಮುಟ್ಟಿದರೆ ಅದು ನುಡಿಯುತ್ತದೆ. 2003ರಲ್ಲಿ ಅದೇ ಕಂಪನಿಯ 'ಲೀಪ್‌ಸ್ಟರ್' ಬಂದಿತು. ಇದಕ್ಕೆ ಪುಸ್ತಕವಿಲ್ಲ, ಪರದೆ. ಇಂದು ಫುಟ್‌ಪಾತಿನ ಮೇಲೆ ಸಿಗುವವು ಈ ಮನೆತನದ ಬಡ ನೆಂಟರು.

ಈಗ ಅಸಲು ಪ್ರಶ್ನೆಗೆ ಬರೋಣ. ಸ್ಪೀಕ್ ಅಂಡ್ ಸ್ಪೆಲ್ ಹುಟ್ಟಿದ್ದು ಇಂಗ್ಲಿಷಿನ ಒಂದು ರೋಗಕ್ಕೆ ಮದ್ದಾಗಿ. ಅಲ್ಲಿ ನುಡಿಯುವುದೊಂದು, ಬರೆಯುವುದೊಂದು. 'ನೈಫ್' ಎಂದು ನುಡಿದು, ಬರೆಯುವಾಗ ಮೊದಲಿಗೆ 'ಕೆ' ಅಕ್ಷರ ಹಾಕಬೇಕು. ಕನ್ನಡಕ್ಕೆ ಈ ಕಾಟ ಬಹಳ ಕಡಿಮೆ. ನಮ್ಮ ಮಗುವಿಗೆ ಕಷ್ಟವಾಗುವುದು ಬೇರೆ ಕಡೆ. 34 ವ್ಯಂಜನಗಳಿಗೆ 13 ಸ್ವರ, ಅನುಸ್ವಾರ, ವಿಸರ್ಗಗಳನ್ನು ಕೂಡಿಸಿದರೆ ಕಾಗುಣಿತದ ರೂಪಗಳೇ 510 ಆದವು. ಒತ್ತಕ್ಷರಗಳು ಅದಕ್ಕೆ ಮೇಲೆ. ಇದಲ್ಲದೆ ಹ್ರಸ್ವ ದೀರ್ಘಗಳ ತೊಡಕು. ಹಿಂದಿ ಮರಾಠಿಗಳ ಬರವಣಿಗೆಯಲ್ಲಿ ಎ-ಏ ಎಂದಾಗಲಿ ಒ-ಓ ಎಂದಾಗಲಿ ಭೇದವಿಲ್ಲ. ಆ ಭಾಷೆಗಳಲ್ಲಿ ಓದುವ ನಮ್ಮ ಮಗು 'ಬೆಳೆ'ಯನ್ನೂ 'ಬೇಳೆ'ಯನ್ನೂ ಒಂದೇ ಮಾಡಿಬಿಡುತ್ತದೆ. 'ಕೊಡು' ಎಂದರೆ 'ಕೋಡು' ಎಂದು ಬರೆಯುತ್ತದೆ. 26 ಗುಂಡಿಗಳ ಆಟಿಕೆ ಇದನ್ನು ತಿದ್ದಲಾರದು. ಕನ್ನಡ ನುಡಿಯುವ ಆಟಿಕೆ ಕಣ್ಣಿಗೆ ಬಿದ್ದರೂ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಎ, ಏ, ಲ, ಳ ಗುಂಡಿಗಳನ್ನು ಒತ್ತಿ ಕಿವಿಗೊಟ್ಟು ಕೇಳಬೇಕು. ಉಚ್ಚಾರ ಸರಿಯಿಲ್ಲದ ಗುರುವಿಗೆ ದಕ್ಷಿಣೆ ಕೊಡತಕ್ಕದ್ದಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. ಅಮೆರಿಕದ ನಾರ್ದರ್ನ್ ಅರಿಜೋನ ವಿಶ್ವವಿದ್ಯಾಲಯದ ಅನ್ನಾ ಸೋಸಾ ಎಂಬ ವಿದುಷಿ 26 ಮನೆಗಳಲ್ಲಿ 10ರಿಂದ 16 ತಿಂಗಳ ಕೂಸುಗಳೂ ಹೆತ್ತವರೂ ಕೂಡಿ ಆಡುವಾಗಿನ ಮಾತನ್ನು ದಾಖಲಿಸಿ, 2015ರ ಕೊನೆಯಲ್ಲಿ ಪ್ರಕಟಿಸಿದರು. ಪುಸ್ತಕ ಮುಂದಿದ್ದಾಗ ಹೆತ್ತವರು ನಿಮಿಷಕ್ಕೆ ಸುಮಾರು 67 ಶಬ್ದ ಆಡಿದರು. ಮರದ ತುಂಡು, ಗೊಂಬೆಗಳಂಥ ಸಾದಾ ಆಟಿಕೆ ಇದ್ದಾಗ 56. ಮಾತನಾಡುವ ಎಲೆಕ್ಟ್ರಾನಿಕ್ ಆಟಿಕೆ ಇದ್ದಾಗ 40. ಆಟಿಕೆ ಮಾತಾಡಿತು, ಅಪ್ಪ ಅಮ್ಮ ಸುಮ್ಮನಾದರು. 26 ಮನೆ ಎಂದರೆ ದೊಡ್ಡ ಲೆಕ್ಕವಲ್ಲ, ಅವು ತೀರ ಎಳೆಯ ಕೂಸುಗಳೂ ಹೌದು. ಆದರೂ ಇದು ನಂಬಲಾಗದ ಸಂಗತಿಯಲ್ಲ. ಪಾಳಿ ಮುಗಿಸಿ ಮನೆಗೆ ಬಂದವನಿಗೆ ಮಗು ತಂತಾನೇ ಆಡಿಕೊಂಡಿದ್ದರೆ ಹಾಯೆನಿಸುವುದು ಸಹಜ.

ಇದರಿಂದ ನಮ್ಮ ಮನೆಗಳಿಗೆ ಆಗುವ ನಷ್ಟ ಅಮೆರಿಕದ ಮನೆಗಳ ನಷ್ಟಕ್ಕಿಂತ ಹೆಚ್ಚಿನದೆಂದು ನಮ್ಮ ಅಭಿಪ್ರಾಯ. ಅಲ್ಲಿಯ ಆಟಿಕೆ ಮನೆಯ ಭಾಷೆಯನ್ನೇ ಆಡುತ್ತದೆ. ಅಪ್ಪ ಬಿಟ್ಟ ಮಾತನ್ನು ಓಣಿಯೂ ಶಾಲೆಯೂ ತುಂಬಿಕೊಡುತ್ತವೆ. ನಮ್ಮ ಮಗುವಿಗೆ ಇಂಗ್ಲಿಷ್ ಶಾಲೆಯಿಂದ ಬಂದೀತು, ಹಿಂದಿ ಮರಾಠಿ ಓಣಿಯಿಂದ ಬಂದೀತು. ಕನ್ನಡ ಬರಬೇಕಾದದ್ದು ಹತ್ತು ಅಡಿಯ ಖೋಲಿಯಲ್ಲಿರುವ ಎರಡು ಬಾಯಿಗಳಿಂದ ಮಾತ್ರ. ಆ ಬಾಯಿಗಳು ನಿಮಿಷಕ್ಕೆ 67ರಿಂದ 40ಕ್ಕೆ ಇಳಿದರೆ ಕೊರತೆಯನ್ನು ಭರ್ತಿ ಮಾಡುವವರು ಈ ಊರಿನಲ್ಲಿ ಯಾರೂ ಇಲ್ಲ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಮಾತು ಅರ್ಥವಾಗಿಯೂ ಉತ್ತರ ಕೊಡಲು ಬಾರದೆ ನಿಲ್ಲುವ ಮಕ್ಕಳು ಆಗಲೇ ನಮ್ಮಲ್ಲಿದ್ದಾರೆ.

ಹಾಗೆಂದು ಆಟಿಕೆಯೇ ಬೇಡವೆಂದು ನಾವು ಹೇಳುವುದಿಲ್ಲ. ತಾಯಿ ಅಡಿಗೆ ಮಾಡುವ ಅರ್ಧ ಗಂಟೆ ಮಗು ಗುಂಡಿ ಒತ್ತಿ ಲೆಕ್ಕ ಮಾಡಿದರೆ ಒಳ್ಳೆಯದೇ. ಪರದೆಯುಳ್ಳದ್ದಾದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿಯನ್ನು ನೆನಪಿಡಬೇಕು: ಎರಡು ವರ್ಷ ತುಂಬುವ ತನಕ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗೆ ಮೀರಬಾರದು.

ಕೊಳ್ಳುವಾಗ ಮಾತ್ರ ಎಚ್ಚರ ಬೇಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಅದಿಲ್ಲದ್ದನ್ನು ಮುಟ್ಟಬೇಡಿ. ಬ್ಯಾಟರಿಯ ಮುಚ್ಚಳ ಉಗುರಿನಿಂದ ತೆರೆಯುವಂತಿರಬಾರದು, ಸ್ಕ್ರೂ ಇರಬೇಕು. ಗುಂಡಿಯಾಕಾರದ ಸಣ್ಣ ಬ್ಯಾಟರಿಯನ್ನು ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಗಳಲ್ಲಿ ಒಳಗಿನ ಮಾಂಸವನ್ನು ಸುಡಬಲ್ಲದು. ನುಂಗಿದೆಯೆಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಹಳೆಯ ಬ್ಯಾಟರಿಗಳನ್ನು ಗೂಡಿನಲ್ಲಿ ಇಡಕೂಡದು.

ಈ ಸಲ ಯಾವುದನ್ನೂ ಕೊಳ್ಳಲಾಗದವರಿಗೆ ಕಂಪನಿಯವರ ಕ್ರಮವನ್ನೇ ಕನ್ನಡಕ್ಕೆ ತಿರುಗಿಸಿ ಕೊಡುತ್ತೇವೆ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯನ್ನು ಚೀಟಿಗಳಾಗಿ ಕತ್ತರಿಸಿ ಹತ್ತು ಶಬ್ದ ಬರೆದುಕೊಳ್ಳಿ: ಬೆಳೆ, ಬೇಳೆ, ಕೊಡು, ಕೋಡು, ಹಲ್ಲಿ, ಹಳ್ಳಿ, ಅಕ್ಕ, ಅಕ್ಕಿ, ಸುತ್ತು, ಸೊತ್ತು. ಊಟವಾದ ಮೇಲೆ ಒಂದೊಂದಾಗಿ ಉಚ್ಚರಿಸಿ ಮಗುವಿನಿಂದ ಬರೆಸಬೇಕು. ತಪ್ಪಾದರೆ ಇನ್ನೊಂದು ಅವಕಾಶ. ಆಗಲೂ ತಪ್ಪಾದರೆ ಗದರದೆ ತಾವೇ ಬರೆದು ತೋರಿಸಿ ಮುಂದಿನ ಶಬ್ದಕ್ಕೆ ಹೋಗಬೇಕು. ಹತ್ತು ಮುಗಿದ ಮೇಲೆ ಸರಿ ತಪ್ಪುಗಳ ಲೆಕ್ಕ ಹೇಳಿ, ಚೀಟಿಗಳನ್ನು ಮಗುವಿನ ಕೈಗೆ ಕೊಡಿ. ಈಗ ಕೇಳುವ ಸರದಿ ಅದರದು, ಬರೆಯುವುದು ಅಪ್ಪನದು.